ಕೋಡ್ ಬಂದರೆ ಸೆನ್ಸರ್ ಕೆಟ್ಟಿತೆಂದು ಅರ್ಥವಲ್ಲ: ಭಾರಿ ಯಂತ್ರಗಳ ಎಂಜಿನ್ ಸೆನ್ಸರ್ ದೋಷ ಪತ್ತೆಗೆ ಸಮಗ್ರ ಮಾರ್ಗದರ್ಶಿ

ಮಣ್ಣು ತುಂಬುತ್ತಿದ್ದ ಎಕ್ಸ್‌ಕವೇಟರ್ ಇದ್ದಕ್ಕಿದ್ದಂತೆ ಪಿಕಪ್ ಕಳೆದುಕೊಂಡು, ಡಿಸ್‌ಪ್ಲೇಯಲ್ಲಿ ಹಳದಿ ದೀಪವೂ ಒಂದೆರಡು ಅಂಕಿಗಳೂ ಕಾಣಿಸಿಕೊಂಡರೆ ಸೈಟಿನಲ್ಲಿ ಮೊದಲು ಕೇಳಿಬರುವ ಮಾತು "ಸೆನ್ಸರ್ ಹೋಗಿದೆ" ಎಂಬುದು. ಅಂದೇ ಸಂಜೆ ಹೊಸ ಸೆನ್ಸರಿಗೆ ಹೇಳಿ ಕಳಿಸಲಾಗುತ್ತದೆ. ಎರಡು ದಿನ ಯಂತ್ರ ನಿಂತು, ಸೆನ್ಸರ್ ಬಂದು, ಹಾಕಿ ಕೀ ತಿರುಗಿಸಿದರೆ ಅದೇ ಕೋಡ್ ಮತ್ತೆ ಬರುತ್ತದೆ. ಆಗ "ಹಾಗಾದರೆ ಇಸಿಎಂ ಹೋಗಿರಬೇಕು" ಎಂದು, ಎಂಜಿನ್ ನಿಯಂತ್ರಿಸುವ ಕಂಪ್ಯೂಟರಿನ ಮೇಲೆಯೇ ಇನ್ನೂ ದುಬಾರಿಯಾದ ಊಹೆ ಹುಟ್ಟುತ್ತದೆ. ನಾನು ನೋಡಿದ ಇಂತಹ ದೂರುಗಳಲ್ಲಿ ಹೆಚ್ಚಿನವು ಕೊನೆಗೆ ತಂತಿಯಲ್ಲೋ ಕನೆಕ್ಟರಿನಲ್ಲೋ ಅರ್ತಿನಲ್ಲೋ ಬಗೆಹರಿದಿವೆ. ಆದ್ದರಿಂದ ಹಣ ಕೊಟ್ಟು ಭಾಗ ತರಿಸುವ ಮೊದಲು ಆ ಭಾಗವೇ ಕೆಟ್ಟಿದೆಯೆಂದು ಮೀಟರಿನಲ್ಲಿ ತೋರಿಸಿಕೊಳ್ಳುವ ಕ್ರಮವನ್ನು ಇಲ್ಲಿ ಹಂತಹಂತವಾಗಿ ವಿವರಿಸಿದ್ದೇನೆ.

ನಮ್ಮ ಕಡೆ ಯಾವ ಕಂಪನಿಯ ಬ್ಯಾಕ್‌ಹೋ ಲೋಡರ್ ಆದರೂ ಜೆಸಿಬಿ, ಯಾವ ಎಕ್ಸ್‌ಕವೇಟರ್ ಆದರೂ ಹಿಟಾಚಿ ಎಂದು ಕರೆಯುವುದು ರೂಢಿ. ಹೆಸರು ಏನೇ ಇರಲಿ, ಒಳಗಿನ ಎಂಜಿನ್ ಬದಲಾಗಿದೆ. ಚಕ್ರದ ಮೇಲೆ ಓಡುವ ನಿರ್ಮಾಣ ಯಂತ್ರಗಳಿಗೆ 2021ರ ಏಪ್ರಿಲ್‌ನಲ್ಲಿ ಸಿಇವಿ ನಾಲ್ಕನೇ ಹಂತದ ಹೊಗೆ ನಿಯಮ ಜಾರಿಯಾದ ಮೇಲೆ ಬ್ಯಾಕ್‌ಹೋಗಳಲ್ಲಿಯೂ ಕಾಮನ್ ರೈಲ್ ಡೀಸೆಲ್ ವ್ಯವಸ್ಥೆ (ರೈಲ್ ಎಂಬ ಒಂದೇ ಕೊಳವೆಯಲ್ಲಿ ಭಾರಿ ಒತ್ತಡದ ಡೀಸೆಲ್ ಇರಿಸಿ ಎಲ್ಲ ಇಂಜೆಕ್ಟರುಗಳಿಗೂ ಹಂಚುವುದು), ಇಸಿಎಂ ಮತ್ತು ಹತ್ತಾರು ಸೆನ್ಸರ್‌ಗಳು ಸಾಮಾನ್ಯವಾದವು. ಪಂಪಿನ ಶಬ್ದ ಕೇಳಿಯೇ ದೋಷ ಹೇಳುತ್ತಿದ್ದ ಹಿರಿಯ ಮೇಸ್ತ್ರಿಗಳ ಕಿವಿ ಇಂದಿಗೂ ಬೇಕು. ಅದರ ಜೊತೆಗೆ ಒಂದು ಒಳ್ಳೆಯ ಮಲ್ಟಿಮೀಟರೂ ಬೇಕು.

ಕೋಡಿನ ಎರಡು ಅಂಕಿಗಳು

ಭಾರಿ ಯಂತ್ರಗಳ ಎಂಜಿನ್‌ಗಳಲ್ಲಿ ಬಹುಪಾಲು ಜೆ1939 ಎಂಬ ಸಂವಹನ ಪದ್ಧತಿಯನ್ನು ಅನುಸರಿಸುತ್ತವೆ. ಅದರಲ್ಲಿ ಪ್ರತಿ ಕೋಡಿಗೂ ಎರಡು ಭಾಗಗಳಿರುತ್ತವೆ. ಎಸ್‌ಪಿಎನ್ ಎಂಬುದು ಯಾವ ಅಳತೆ ಎಂದು ತಿಳಿಸಿದರೆ, ಎಫ್‌ಎಂಐ ಎಂಬುದು ಅದರಲ್ಲಿ ಏನು ತಪ್ಪಿದೆ ಎಂದು ತಿಳಿಸುತ್ತದೆ. ಎಸ್‌ಪಿಎನ್ 100 ಎಂದರೆ ಎಂಜಿನ್ ಆಯಿಲ್ ಒತ್ತಡ, 102 ಟರ್ಬೊ (ಎಂಜಿನ್ನಿಗೆ ಗಾಳಿಯನ್ನು ಒತ್ತಿ ಕಳಿಸುವ ಭಾಗ) ನಂತರದ ಗಾಳಿಯ ಒತ್ತಡ, 105 ಆ ಗಾಳಿಯ ತಾಪ, 110 ಕೂಲೆಂಟ್ ತಾಪ, 157 ರೈಲ್ ಒತ್ತಡ, 190 ಎಂಜಿನ್ ವೇಗ. ಇವುಗಳನ್ನು ಬಾಯಿಪಾಠ ಮಾಡುವ ಅಗತ್ಯವಿಲ್ಲ, ಪಟ್ಟಿ ನೋಡಿದರಾಯಿತು. ಆದರೆ ಎಫ್‌ಎಂಐ ಅಂಕಿಯನ್ನು ಓದುವುದು ಚೆನ್ನಾಗಿ ಬರಲೇಬೇಕು, ಏಕೆಂದರೆ ಹುಡುಕಾಟ ಯಾವ ದಿಕ್ಕಿಗೆ ಹೋಗಬೇಕೆಂಬುದನ್ನು ಅದೇ ನಿರ್ಧರಿಸುತ್ತದೆ.

0, 1, 15, 16, 17, 18 ಬಂದರೆ ಇಸಿಎಂ ಸೆನ್ಸರನ್ನು ನಂಬಿದೆ ಎಂದರ್ಥ: ಅಳತೆ ಸರಿಯಾಗಿಯೇ ಬರುತ್ತಿದೆ, ಆದರೆ ಮಿತಿ ಮೀರಿದೆ ಅಥವಾ ಮಿತಿಗಿಂತ ಇಳಿದಿದೆ. 3 ಮತ್ತು 4 ಬಂದರೆ ಇಸಿಎಂಗೆ ಸೆನ್ಸರಿನ ಮೇಲೆ ನಂಬಿಕೆ ಇಲ್ಲ: ಸಿಗ್ನಲ್ ವೋಲ್ಟೇಜ್ ಇರಬೇಕಾದ್ದಕ್ಕಿಂತ ಮೇಲಕ್ಕೆ (3) ಅಥವಾ ಕೆಳಕ್ಕೆ (4) ಹೋಗಿದೆ. 5 ಮತ್ತು 6 ಕರೆಂಟಿನ ಹರಿವಿಗೆ ಸಂಬಂಧಿಸಿದ್ದು, ಇಂಜೆಕ್ಟರ್ ಮತ್ತು ವಾಲ್ವ್ ಸರ್ಕ್ಯೂಟುಗಳಲ್ಲಿ ಹೆಚ್ಚು. 2 ಎಂದರೆ ಅಳತೆ ಓಲಾಡುತ್ತಿದೆ ಅಥವಾ ಬೇರೆ ಅಳತೆಗಳೊಂದಿಗೆ ತಾಳೆಯಾಗುತ್ತಿಲ್ಲ. 9 ಮತ್ತು 19 ಸಂವಹನದ ತೊಂದರೆಗಳು.

ಇದರಿಂದ ಹೊರಡುವ ಅತಿ ಮುಖ್ಯವಾದ ಎಚ್ಚರಿಕೆಯನ್ನು ಇಲ್ಲಿಯೇ ಹೇಳಿಬಿಡಬೇಕು. ಎಸ್‌ಪಿಎನ್ 100ರ ಜೊತೆ ಎಫ್‌ಎಂಐ 1 ಬಂದರೆ ಆಯಿಲ್ ಒತ್ತಡ ನಿಜವಾಗಿಯೂ ಕುಸಿದಿದೆ ಎಂದೇ ತಿಳಿದು ಎಂಜಿನ್ ಆ ಕ್ಷಣವೇ ನಿಲ್ಲಿಸಬೇಕು, ಮೆಕ್ಯಾನಿಕಲ್ ಗೇಜ್ ಕೂರಿಸಿ ನೋಡುವ ತನಕ ಮತ್ತೆ ಓಡಿಸಬಾರದು. "ಸೆನ್ಸರ್ ಸುಳ್ಳು ಹೇಳುತ್ತಿದೆ, ಇವತ್ತಿನ ಟ್ರಿಪ್ ಮುಗಿಸಿಬಿಡೋಣ" ಎಂದವರ ಕ್ರ್ಯಾಂಕ್ ಶಾಫ್ಟ್ ಬೇರಿಂಗ್‌ಗಳನ್ನು ನಾನು ಕೈಯಲ್ಲಿ ಹಿಡಿದು ನೋಡಿದ್ದೇನೆ.

ಕೆಲಸಕ್ಕೆ ಇಳಿಯುವ ಮೊದಲು

ಯಂತ್ರವನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಬಕೆಟ್ ನೆಲಕ್ಕೆ ಇಳಿಸಿ, ಚಕ್ರಗಳಿದ್ದರೆ ಅಡ್ಡ ಕಲ್ಲು ಕೊಟ್ಟು, ಕೀಯನ್ನು ತೆಗೆದು ನಿಮ್ಮ ಜೇಬಿನಲ್ಲಿ ಇಟ್ಟುಕೊಳ್ಳಿ. ಕಾಮನ್ ರೈಲಿನೊಳಗೆ ಡೀಸೆಲ್ ಒತ್ತಡ 1600 ಬಾರ್ ಅಥವಾ ಅದಕ್ಕೂ ಹೆಚ್ಚಿರಬಹುದು. ಎಂಜಿನ್ ಓಡುವಾಗ ಆ ಪೈಪಿನ ನಟ್ ಸಡಿಲಿಸುವುದಾಗಲಿ, ಸೋರಿಕೆಯನ್ನು ಕೈಯಿಂದ ತಡವಿ ನೋಡುವುದಾಗಲಿ ಮಾಡಬಾರದು. ಆ ಧಾರೆ ಚರ್ಮವನ್ನು ಸೀಳಿ ಒಳಹೊಗುತ್ತದೆ. ಕೀ ಆಫ್ ಮಾಡಿದ ಕೂಡಲೇ ಬ್ಯಾಟರಿ ಐಸೊಲೇಟರನ್ನು (ಬ್ಯಾಟರಿಯ ಸಂಪರ್ಕ ಕಡಿಯುವ ಸ್ವಿಚ್) ತಿರುಗಿಸದೆ ಎರಡು ನಿಮಿಷ ಕಾಯಿರಿ, ಇಸಿಎಂ ತನ್ನ ದಾಖಲೆಗಳನ್ನು ಬರೆದಿಟ್ಟುಕೊಳ್ಳುವುದು ಆ ಹೊತ್ತಿನಲ್ಲಿ.

ಸಾಮಾನು ಬಹಳ ಬೇಕಿಲ್ಲ. ಮಲ್ಟಿಮೀಟರ್, ಕನೆಕ್ಟರಿನ ಹಿಂಬದಿಯಿಂದ ತೂರಿಸಬಹುದಾದ ತೆಳು ಪಿನ್‌ಗಳು, ಫ್ಯೂಸ್ ಇರುವ ಜಂಪರ್ ವೈರ್, ಆಯಿಲ್ ಒತ್ತಡದ ಮೆಕ್ಯಾನಿಕಲ್ ಗೇಜ್, ಕೋಡ್ ಓದುವ ಸ್ಕ್ಯಾನರ್ ಅಥವಾ ಯಂತ್ರದ ಡಿಸ್‌ಪ್ಲೇ, ಮತ್ತು ಆ ಮಾಡೆಲ್ಲಿನದೇ ವೈರಿಂಗ್ ನಕ್ಷೆ ಇದ್ದರೆ ಸಾಕು. ನಕ್ಷೆಯಿಲ್ಲದೆ ಪಿನ್ ಸಂಖ್ಯೆಗಳನ್ನು ಅಂದಾಜಿನಲ್ಲಿ ಹಿಡಿಯುವುದು ಬೇಡ; ಒಂದೇ ಎಂಜಿನ್ ಎರಡು ಬೇರೆ ಯಂತ್ರಗಳಲ್ಲಿ ಕುಳಿತಾಗ ಹಾರ್ನೆಸ್ (ತಂತಿಗಳ ಕಂತೆ) ಬೇರೆಯಾಗಿರುತ್ತದೆ.

ಹಂತ 1: ಆಪರೇಟರನ್ನು ಕೇಳಿ, ಕೋಡ್ ಬರೆದುಕೊಳ್ಳಿ

ಯಾವಾಗ ಬಂತು, ತಣ್ಣಗಿದ್ದಾಗಲೋ ಬಿಸಿಯಾದ ಮೇಲೋ, ಮಳೆ ಬಿದ್ದ ಮಾರನೆಯ ದಿನವೋ, ವಾಟರ್ ಸರ್ವಿಸ್ ಮಾಡಿಸಿದ ಮೇಲೋ, ಬಕೆಟಿಗೆ ವೆಲ್ಡಿಂಗ್ ಆದ ಮೇಲೋ ಎಂದು ಆಪರೇಟರನ್ನು ಕೇಳಿ. ಕೊನೆಯ ಎರಡಕ್ಕೆ ವಿಶೇಷ ಮಹತ್ವವಿದೆ. ಹೆಚ್ಚು ಒತ್ತಡದ ನೀರು ಕನೆಕ್ಟರಿನ ಸೀಲನ್ನು ದಾಟುತ್ತದೆ. ಬ್ಯಾಟರಿ ಮತ್ತು ಇಸಿಎಂ ಕನೆಕ್ಟರ್ ಬಿಚ್ಚದೆ, ಅರ್ತ್ ಕ್ಲ್ಯಾಂಪನ್ನು ದೂರದಲ್ಲಿ ಸಿಕ್ಕಿಸಿ ವೆಲ್ಡಿಂಗ್ ಮಾಡಿದರೆ ಕರೆಂಟ್ ಹಾರ್ನೆಸ್ ಮೂಲಕವೇ ದಾರಿ ಹುಡುಕಿಕೊಳ್ಳಬಹುದು.

ನಂತರ ಕೋಡ್‌ಗಳನ್ನು, ಈಗ ಇರುವವು ಯಾವುವು ಮತ್ತು ಹಿಂದೆ ಬಂದು ಹೋದವು ಯಾವುವು ಎಂದು ಬೇರ್ಪಡಿಸಿ, ಎಷ್ಟು ಬಾರಿ ಬಂದಿವೆ ಮತ್ತು ಎಷ್ಟನೇ ಗಂಟೆಯಲ್ಲಿ ಬಂದಿವೆ ಎಂಬುದರೊಂದಿಗೆ ಬರೆದುಕೊಳ್ಳಿ. ಬರೆದುಕೊಳ್ಳುವ ಮೊದಲು ಅಳಿಸಬಾರದು. ನಾಲ್ಕು ಕೋಡ್ ಒಂದೇ ಗಂಟೆಯಲ್ಲಿ ಒಟ್ಟಿಗೆ ಹುಟ್ಟಿದ್ದರೆ ನಾಲ್ಕು ಸೆನ್ಸರ್ ಒಟ್ಟಿಗೆ ಕೆಟ್ಟಿಲ್ಲ, ಅವುಗಳಿಗೆ ಸಮಾನವಾದ ಒಂದು ಎಡೆಯಲ್ಲಿ ಏನೋ ಆಗಿದೆ. ಅಳಿಸಿಬಿಟ್ಟರೆ ಈ ಸುಳಿವು ಕೈತಪ್ಪುತ್ತದೆ.

ಹಂತ 2: ಕಣ್ಣಿನಿಂದ ನೋಡಿ, ಕೈಯಿಂದ ಮುಟ್ಟಿ

ಬ್ಯಾಟರಿಯಿಂದ ಶುರು ಮಾಡಿ. 24 ವೋಲ್ಟಿನ ಯಂತ್ರದಲ್ಲಿ ಎಂಜಿನ್ ಓಡುವಾಗ 27.5ರಿಂದ 28.5 ವೋಲ್ಟ್ ಆಸುಪಾಸಿನಲ್ಲಿ ಚಾರ್ಜಿಂಗ್ ಇರಬೇಕು. ಬ್ಯಾಕ್‌ಹೋಗಳಲ್ಲಿ ಹಲವು 12 ವೋಲ್ಟಿನವಾದ್ದರಿಂದ ಅಲ್ಲಿ ಇದರ ಅರ್ಧ. ಬ್ಯಾಟರಿ ಲಗ್ ಸಡಿಲವಾಗಿದ್ದರೆ ಅಥವಾ ಬಿಳಿ ಹುಡಿ ಕಟ್ಟಿದ್ದರೆ ಅದನ್ನು ಸರಿಪಡಿಸದೆ ಮುಂದಿನ ಯಾವ ಅಳತೆಯನ್ನೂ ನಂಬಬೇಡಿ. ಎಂಜಿನ್ ಬ್ಲಾಕಿನಿಂದ ಚಾಸಿಗೆ ಹೋಗುವ ಅರ್ತ್ ಪಟ್ಟಿಯನ್ನೂ ನೋಡಿ.

ಆಮೇಲೆ ದೂರು ಇರುವ ಸೆನ್ಸರಿನಿಂದ ಇಸಿಎಂ ವರೆಗೆ ಹಾರ್ನೆಸ್ ಹಾದಿಯನ್ನು ಕೈಯಿಂದ ತಡವುತ್ತ ಹೋಗಿ. ಕ್ಲಿಪ್ ಮುರಿದು ಜೋತಾಡುವ ಕಡೆ, ಎಕ್ಸಾಸ್ಟ್ ಪೈಪಿಗೆ ತಾಗುವ ಕಡೆ, ಬ್ರ್ಯಾಕೆಟ್ ಅಂಚಿಗೆ ಉಜ್ಜುವ ಕಡೆ, ಇಲಿ ಕಡಿದ ಕಡೆ ದೋಷ ಸಿಗುವ ಸಂಭವ ಹೆಚ್ಚು. ತಿಂಗಳುಗಟ್ಟಲೆ ನಿಂತ ಯಂತ್ರದಲ್ಲಿ ಇಲಿ ಗೂಡು ಕಟ್ಟದಿದ್ದರೇ ಆಶ್ಚರ್ಯ. ಕನೆಕ್ಟರ್ ಬಿಚ್ಚಿ ಒಳಗೆ ಟಾರ್ಚ್ ಬಿಡಿ: ಹಸಿರು ಕಿಲುಬು, ಹಿಂದೆ ಸರಿದ ಪಿನ್, ಬಾಯಿ ಅಗಲವಾದ ಟರ್ಮಿನಲ್, ಕಾಣೆಯಾದ ಸೀಲ್ ಇವೆಯೇ ನೋಡಿ. ಆಯಿಲ್ ಒತ್ತಡದ ಸೆನ್ಸರಿನ ಕನೆಕ್ಟರಿನೊಳಗೆ ಆಯಿಲ್ ಜಿನುಗಿದ್ದರೆ ಅದು ಅಲ್ಲಿಗೇ ನಿಲ್ಲುವುದಿಲ್ಲ. ದೀಪದ ಬತ್ತಿ ಎಣ್ಣೆ ಹೀರುವಂತೆ ತಂತಿಯ ಎಳೆಗಳ ನಡುವೆ ಏರಿ, ಕೆಲವೊಮ್ಮೆ ಇಸಿಎಂ ಕನೆಕ್ಟರಿನವರೆಗೂ ತಲುಪುತ್ತದೆ. ಅಂತಹ ಸೆನ್ಸರನ್ನು ಮಾತ್ರ ಅಳತೆ ಮಾಡದೆಯೇ ಬದಲಿಸಬಹುದು.

ಹಂತ 3: ತಣ್ಣಗಿರುವ ಎಂಜಿನ್ನಿನಲ್ಲಿ ಮೌಲ್ಯಗಳನ್ನು ತಾಳೆ ನೋಡಿ

ಈ ಹಂತಕ್ಕೆ ಮೀಟರೂ ಬೇಡ, ಆದರೂ ಇದನ್ನು ಮಾಡುವವರು ಕಡಿಮೆ. ರಾತ್ರಿಯಿಡೀ ನಿಂತ ಯಂತ್ರಕ್ಕೆ ಬೆಳಿಗ್ಗೆ ಸೆಲ್ಫ್ ಹೊಡೆಯದೆ ಕೀಯನ್ನು ಮಾತ್ರ ಆನ್ ಮಾಡಿ, ಡಿಸ್‌ಪ್ಲೇಯಲ್ಲಿ ಅಥವಾ ಸ್ಕ್ಯಾನರಿನಲ್ಲಿ ಲೈವ್ ಮೌಲ್ಯಗಳನ್ನು ನೋಡಿ. ಕೂಲೆಂಟ್, ಡೀಸೆಲ್, ಒಳಹೋಗುವ ಗಾಳಿ ಇವುಗಳ ತಾಪ ಹೊರಗಿನ ಹವೆಯ ತಾಪಕ್ಕೆ ಸಮೀಪವಿದ್ದು, ತಮ್ಮತಮ್ಮೊಳಗೆ ನಾಲ್ಕೈದು ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ ಇರಬಾರದು. ಎಲ್ಲವೂ 24 ಎಂದು ತೋರಿಸುವಾಗ ಒಂದು ಮಾತ್ರ 41 ಎಂದರೆ ತಪ್ಪು ಯಾರದೆಂದು ಕೇಳಬೇಕಾಗಿಲ್ಲ.

ಒತ್ತಡಗಳದ್ದೂ ಹೀಗೆಯೇ. ಎಂಜಿನ್ ನಿಂತಿರುವಾಗ ಆಯಿಲ್ ಒತ್ತಡ ಸೊನ್ನೆ, ರೈಲ್ ಒತ್ತಡ ಸೊನ್ನೆಗೆ ಸಮೀಪ ಇರಬೇಕು. ಟರ್ಬೊ ಗಾಳಿಯ ಒತ್ತಡ ಗೇಜ್ ಲೆಕ್ಕದಲ್ಲಿ (ಹೊರಗಿನ ವಾಯುಭಾರಕ್ಕಿಂತ ಎಷ್ಟು ಹೆಚ್ಚು ಎಂಬ ಲೆಕ್ಕ) ಇದ್ದರೆ ಸೊನ್ನೆ. ಪೂರ್ಣ ಒತ್ತಡದ ಲೆಕ್ಕದಲ್ಲಿದ್ದರೆ ಅದು ಹೊರಗಿನ ವಾಯುಭಾರಕ್ಕೆ ಸಮನಾಗಿರಬೇಕು. ಮಂಗಳೂರಿನಲ್ಲಿ ಅದು ಸುಮಾರು 101 ಕಿಲೊಪ್ಯಾಸ್ಕಲ್, ಬಳ್ಳಾರಿಯಲ್ಲಿ ಸುಮಾರು 96, ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದ ಬೆಂಗಳೂರಿನಲ್ಲಿ ಸುಮಾರು 91. ಇದು ಗೊತ್ತಿಲ್ಲದೆ ಬೆಂಗಳೂರಿನಲ್ಲಿ 91 ಕಂಡು "ಕಡಿಮೆ ತೋರಿಸುತ್ತಿದೆ" ಎಂದು ಒಳ್ಳೆಯ ಸೆನ್ಸರನ್ನು ಬಿಚ್ಚಿದವರಿದ್ದಾರೆ.

ಇಲ್ಲಿ ಎಲ್ಲವೂ ಸರಿಯಿದ್ದು, ಲೋಡಿನಲ್ಲಿ ಮಾತ್ರ ಎಸ್‌ಪಿಎನ್ 102, ಎಫ್‌ಎಂಐ 18 ಬರುತ್ತಿದ್ದರೆ ಸೆನ್ಸರನ್ನು ಬಿಟ್ಟು ಟರ್ಬೊ ಹೋಸಿನ ಕ್ಲ್ಯಾಂಪ್, ಇಂಟರ್‌ಕೂಲರ್ ಸೋರಿಕೆ, ಕಟ್ಟಿದ ಏರ್ ಫಿಲ್ಟರ್ ಇವುಗಳ ಕಡೆಗೆ ಹೋಗಿ.

ಹಂತ 4: ಮೂರು ತಂತಿಗಳ ಅಳತೆ

ಒತ್ತಡದ ಸೆನ್ಸರುಗಳಿಗೆ ಸಾಮಾನ್ಯವಾಗಿ ಮೂರು ತಂತಿ: ಇಸಿಎಂ ಕೊಡುವ 5 ವೋಲ್ಟ್ ಸಪ್ಲೈ, ಸೆನ್ಸರಿನ ಅರ್ತ್, ಮತ್ತು ಸಿಗ್ನಲ್. ಕನೆಕ್ಟರ್ ಬಿಚ್ಚಿ, ಕೀ ಆನ್ ಮಾಡಿ, ಹಾರ್ನೆಸ್ ಬದಿಯಲ್ಲಿ ಸಪ್ಲೈ ಮತ್ತು ಅರ್ತ್ ಪಿನ್‌ಗಳ ನಡುವೆ ಅಳೆಯಿರಿ. 4.9ರಿಂದ 5.1 ವೋಲ್ಟ್ ಬರಬೇಕು. ಮೀಟರಿನ ಕಪ್ಪು ಕಡ್ಡಿಯನ್ನು ಚಾಸಿಗೆ ಹಿಡಿದರೆ 5 ಬಂದು, ಸೆನ್ಸರಿನದೇ ಅರ್ತ್ ಪಿನ್ನಿಗೆ ಹಿಡಿದರೆ ಬರದಿದ್ದರೆ ಅರ್ತ್ ತಂತಿ ತುಂಡಾಗಿದೆ. ಚಾಸಿಯನ್ನೇ ನಂಬಿ ಅಳೆಯುವ ಅಭ್ಯಾಸದಿಂದ ಈ ದೋಷ ಹಲವರ ಕಣ್ಣು ತಪ್ಪಿಸುತ್ತದೆ.

ಸಪ್ಲೈ ಸರಿಯಿದ್ದರೆ ಕನೆಕ್ಟರ್ ಹಾಕಿ, ಹಿಂಬದಿಯಿಂದ ಪಿನ್ ತೂರಿಸಿ ಸಿಗ್ನಲ್ ಅಳೆಯಿರಿ. ಈ ಬಗೆಯ ಸೆನ್ಸರುಗಳು ತಮ್ಮ ಇಡೀ ವ್ಯಾಪ್ತಿಯನ್ನು ಸುಮಾರು 0.5ರಿಂದ 4.5 ವೋಲ್ಟಿನ ನಡುವೆ ತೋರಿಸುತ್ತವೆ. ಒತ್ತಡವಿಲ್ಲದ ರೈಲ್ ಸೆನ್ಸರ್ 0.5 ವೋಲ್ಟ್ ಆಸುಪಾಸು ತೋರಿಸಿದರೆ ಅದು ಆರೋಗ್ಯದ ಲಕ್ಷಣ. 0.5ಕ್ಕಿಂತ ಕೆಳಗಿನ ಮತ್ತು 4.5ಕ್ಕಿಂತ ಮೇಲಿನ ಜಾಗವನ್ನು ಬೇಕೆಂದೇ ಖಾಲಿ ಬಿಡಲಾಗಿದೆ; ಸಿಗ್ನಲ್ ಅಲ್ಲಿಗೆ ಹೋದರೆ ತಂತಿ ಶಾರ್ಟ್ ಆಗಿದೆ ಅಥವಾ ಕಡಿದಿದೆ ಎಂದು ಇಸಿಎಂ ಗುರುತಿಸಿ 3 ಅಥವಾ 4ನ್ನು ಬರೆಯುತ್ತದೆ. ತಂತಿಯ ಇನ್ಸುಲೇಷನ್ ಚುಚ್ಚಿ ಅಳೆಯಬೇಡಿ. ಇಂದಿನ ಆ ಸೂಜಿ ತೂತು ಮಳೆಗಾಲದಲ್ಲಿ ಹೊಸ ಕೋಡ್ ಆಗಿ ಹಿಂತಿರುಗುತ್ತದೆ.

ತಾಪದ ಸೆನ್ಸರಿಗೆ ಎರಡೇ ತಂತಿ. ಅದರೊಳಗಿನ ರೆಸಿಸ್ಟೆನ್ಸ್ ಬಿಸಿ ಏರಿದಂತೆ ಇಳಿಯುತ್ತದೆ. ಬಹಳ ಎಂಜಿನ್‌ಗಳಲ್ಲಿ ಬಳಕೆಯಲ್ಲಿರುವ ಒಂದು ಬಗೆ 20 ಡಿಗ್ರಿಯಲ್ಲಿ ಸುಮಾರು 2500 ಓಮ್, 100 ಡಿಗ್ರಿಯಲ್ಲಿ ಸುಮಾರು 190 ಓಮ್ ತೋರಿಸುತ್ತದೆ. ನಿಮ್ಮ ಎಂಜಿನ್ನಿನ ಸೆನ್ಸರ್ ಬೇರೆ ಬಗೆಯದಾಗಿದ್ದರೆ ಕೈಪಿಡಿಯ ಪಟ್ಟಿಯನ್ನೇ ಹಿಡಿಯಿರಿ. ಬಿಚ್ಚಿ, ಒಂದು ಲೋಟ ಬಿಸಿನೀರಿನಲ್ಲಿ ಅದರ ತುದಿ ಅದ್ದಿದಾಗ ಓಮ್ ಒಂದೇ ಸಮನೆ ಇಳಿಯಬೇಕು, ನಡುವೆ ಎಗರಬಾರದು.

ಹಂತ 5: ಬಿಚ್ಚಿದಾಗ ಕೋಡ್ ಬದಲಾಗುತ್ತದೆಯೇ?

ನನ್ನ ಅನುಭವದಲ್ಲಿ ಅತಿ ಹೆಚ್ಚು ಹಣ ಉಳಿಸಿದ ಪರೀಕ್ಷೆ ಇದು. ಕೂಲೆಂಟ್ ತಾಪದ ಸೆನ್ಸರನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಎಸ್‌ಪಿಎನ್ 110, ಎಫ್‌ಎಂಐ 4 ಬರುತ್ತಿದೆ. ಎಂದರೆ ಸಿಗ್ನಲ್ ತೀರ ಕೆಳಗಿದೆ. ಕನೆಕ್ಟರ್ ಬಿಚ್ಚಿ ಕೀ ಆನ್ ಮಾಡಿ. ಸರ್ಕ್ಯೂಟ್ ತೆರೆದುಕೊಂಡಿದ್ದರಿಂದ ಸಿಗ್ನಲ್ 5 ವೋಲ್ಟಿನ ಕಡೆಗೆ ಏರಿ ಕೋಡ್ 3ಕ್ಕೆ ಬದಲಾಗಬೇಕು. ಬದಲಾದರೆ ತಂತಿಯೂ ಇಸಿಎಂ ಕೂಡ ಸರಿಯಿವೆ, ಸೆನ್ಸರ್ ಒಳಗೇ ಶಾರ್ಟ್ ಆಗಿದೆ. ಬಿಚ್ಚಿದರೂ 4 ಹಾಗೆಯೇ ಕೂತಿದ್ದರೆ ದಾರಿಯಲ್ಲಿ ಎಲ್ಲೋ ಸಿಗ್ನಲ್ ತಂತಿ ಅರ್ತಿಗೆ ತಾಗಿದೆ, ಹೊಸ ಸೆನ್ಸರ್ ತಂದರೂ ಪ್ರಯೋಜನವಿಲ್ಲ.

ಮೊದಲು ಬಂದದ್ದು 3 ಆಗಿದ್ದರೆ ಉಲ್ಟಾ ಮಾಡಿ: ಬಿಚ್ಚಿದ ಹಾರ್ನೆಸ್ ಬದಿಯ ಎರಡೂ ಪಿನ್‌ಗಳನ್ನು ಜಂಪರಿನಿಂದ ಸೇರಿಸಿ. ಕೋಡ್ 4ಕ್ಕೆ ಬದಲಾದರೆ ಸೆನ್ಸರ್ ಕೆಟ್ಟಿದೆ, ಬದಲಾಗದಿದ್ದರೆ ತಂತಿ ಕಡಿದಿದೆ. ಮೂರು ತಂತಿಯ ಸೆನ್ಸರನ್ನು ಬಿಚ್ಚಿದಾಗ 3 ಬರಬೇಕೋ 4 ಬರಬೇಕೋ ಎಂಬುದು ಇಸಿಎಂ ಒಳಗಿನ ವಿನ್ಯಾಸವನ್ನು ಅವಲಂಬಿಸಿರುತ್ತದೆ, ಅದನ್ನು ಕೈಪಿಡಿಯಲ್ಲಿ ನೋಡಿಕೊಂಡೇ ಜಂಪರ್ ಹಾಕಿ. ದೋಷ ಕಂಡಾಗ ಇಸಿಎಂ ಡಿಸ್‌ಪ್ಲೇಗೆ ತನ್ನದೇ ಬದಲಿ ಮೌಲ್ಯ ಕಳಿಸಬಹುದು, ಫ್ಯಾನನ್ನು ಪೂರ್ತಿ ವೇಗದಲ್ಲಿ ಓಡಿಸಬಹುದು. ಆದ್ದರಿಂದ ಡಿಗ್ರಿಯನ್ನಲ್ಲ, ಕೋಡನ್ನೇ ನೋಡಿ.

ಒಂದೇ 5 ವೋಲ್ಟ್, ಹಲವು ಸೆನ್ಸರ್

ಇಸಿಎಂ ಪ್ರತಿ ಸೆನ್ಸರಿಗೂ ಬೇರೆ ಬೇರೆ 5 ವೋಲ್ಟ್ ಕೊಡುವುದಿಲ್ಲ. ಒಂದೊಂದು ಸಪ್ಲೈ ಮೂರು ನಾಲ್ಕು ಸೆನ್ಸರಿಗೆ ಹಂಚಿಕೆಯಾಗಿರುತ್ತದೆ. ಅವುಗಳಲ್ಲಿ ಒಂದು ಶಾರ್ಟ್ ಆದರೆ ಉಳಿದವೂ ಕುರುಡಾಗುತ್ತವೆ. ಎಸ್‌ಪಿಎನ್ 3509, 3510 ಮುಂತಾದವು ಈ ಸಪ್ಲೈಗಳ ಕೋಡ್‌ಗಳು. ಪಟ್ಟಿಯಲ್ಲಿ ಇವು ಕಂಡರೆ ಮೊದಲು ಇವನ್ನೇ ಬಗೆಹರಿಸಬೇಕು.

ಸಂಡೂರು ಕಡೆಯ ಅದಿರು ಗಣಿಯೊಂದರಲ್ಲಿ ಇಂತಹ ಎಕ್ಸ್‌ಕವೇಟರ್ ಒಂದನ್ನು ನೋಡಬೇಕಾಗಿ ಬಂದಿತ್ತು. 3509, 100, 102 ಮತ್ತು 157, ಎಲ್ಲಕ್ಕೂ ಎಫ್‌ಎಂಐ 4. ನಾನು ಹೋಗುವಷ್ಟರಲ್ಲಿ ರೈಲ್ ಸೆನ್ಸರೂ ಬೂಸ್ಟ್ (ಟರ್ಬೊ ಗಾಳಿಯ ಒತ್ತಡದ) ಸೆನ್ಸರೂ ಬದಲಾಗಿದ್ದವು. ಕೀ ಆನ್ ಮಾಡಿ ಅಳೆದರೆ ಸಪ್ಲೈ 5.02 ವೋಲ್ಟ್, ಏನೂ ತಪ್ಪಿಲ್ಲ. ದಾರಿ ತೋರಿಸಿದ್ದು ಆಪರೇಟರನ ಮಾತು: "ಎಡಕ್ಕ ತಿರುಗಿಸಿ ನಿಲ್ಸಿದಾಗ ಅಷ್ಟೇ ಲೈಟ್ ಬರ್ತೈತಿ, ಸರ." ಸ್ವಿಂಗ್ ನಿಲ್ಲುವ ಎಳೆತಕ್ಕೆ ಏನೋ ಅಲುಗುತ್ತಿದೆ ಎಂದಾಯಿತು. ಮೀಟರನ್ನು ಸಪ್ಲೈಗೆ ಸಿಕ್ಕಿಸಿ, ಹುಡುಗನೊಬ್ಬನಿಗೆ ಅಂಕಿ ಕೂಗಿ ಹೇಳಲು ತಿಳಿಸಿ, ಹಾರ್ನೆಸ್ಸನ್ನು ಒಂದೊಂದು ಗೇಣು ಹಿಡಿದು ಅಲುಗಿಸುತ್ತ ಬಂದೆ. ಫ್ಲೈವೀಲ್ ಕಡೆಯ ಬ್ರ್ಯಾಕೆಟ್ ಹತ್ತಿರ ಬಂದಾಗ "ಸೊನ್ನೆ ಪಾಯಿಂಟ್ ಮೂರು" ಎಂದು ಕೂಗಿದ. ಅಲ್ಲಿ ಕ್ಲಿಪ್ ಮುರಿದಿತ್ತು. ತಂತಿಗಳ ಮೇಲಿನ ಸುರುಳಿ ಕೊಳವೆ ಬಿಡಿಸಿದರೆ ಒಳಗೆ ಕುಂಕುಮದಂತಹ ಕೆಂಪು ಅದಿರಿನ ಹುಡಿ ತುಂಬಿ, ಅದೇ ಉಪ್ಪುಕಾಗದದಂತೆ ತಂತಿಗಳನ್ನು ಉಜ್ಜಿತ್ತು. ಒಂದು ತಂತಿಯ ಮೇಲೆ ಅಕ್ಕಿಕಾಳಿನಷ್ಟು ಜಾಗದಲ್ಲಿ ತಾಮ್ರ ಕಾಣುತ್ತಿತ್ತು, ಎದುರಿನ ಬ್ರ್ಯಾಕೆಟ್ ಅಂಚಿನಲ್ಲಿ ಸಣ್ಣ ಕಪ್ಪು ಕಿಡಿಯ ಗುರುತು.

ಸಪ್ಲೈ ಸದಾ ಕುಸಿದೇ ಇದ್ದರೆ ಕೆಲಸ ಇನ್ನೂ ಸುಲಭ. ಮೀಟರ್ ನೋಡುತ್ತ ಆ ಸಪ್ಲೈ ಹಂಚಿಕೊಂಡಿರುವ ಸೆನ್ಸರುಗಳನ್ನು ಒಂದೊಂದಾಗಿ ಬಿಚ್ಚಿ. ಯಾವುದನ್ನು ಬಿಚ್ಚಿದಾಗ 5 ವೋಲ್ಟ್ ಮರಳಿತೋ ಅದೇ ಅಪರಾಧಿ. ಎಲ್ಲ ಬಿಚ್ಚಿದರೂ ಮರಳದಿದ್ದರೆ ಹಾರ್ನೆಸ್ ಹುಡುಕಿ, ಇಸಿಎಂ ಮೇಲೆ ಅನುಮಾನ ಪಡುವುದು ಅದಾದ ಮೇಲೆ.

ವೇಗದ ಸೆನ್ಸರುಗಳು

ಎಂಜಿನ್ ತಿರುಗುತ್ತದೆ, ಸ್ಟಾರ್ಟ್ ಆಗುವುದಿಲ್ಲ ಎಂಬ ದೂರಿನಲ್ಲಿ ಸೆಲ್ಫ್ ಹೊಡೆಯುತ್ತಿರುವಾಗ ಡಿಸ್‌ಪ್ಲೇಯಲ್ಲಿ ಆರ್‌ಪಿಎಂ ನೋಡಿ. ಸೊನ್ನೆಯಲ್ಲೇ ನಿಂತಿದ್ದರೆ ಕ್ರ್ಯಾಂಕ್ ಸೆನ್ಸರ್ ಕಡೆ ಹೋಗಿ. ಹಲವು ಎಂಜಿನ್‌ಗಳು ಕ್ರ್ಯಾಂಕ್ ಸೆನ್ಸರ್ ಕೈಕೊಟ್ಟರೂ ಕ್ಯಾಮ್ ಸೆನ್ಸರಿನ ಆಧಾರದಲ್ಲಿ ಓಡುತ್ತವೆ, ಸ್ಟಾರ್ಟ್ ಆಗಲು ಹೆಚ್ಚು ಹೊತ್ತು ಬೇಕಾಗುತ್ತದೆ ಅಷ್ಟೆ. ಎರಡು ತಂತಿಯ ಕಾಯಿಲ್ ಬಗೆಯ ಸೆನ್ಸರಾದರೆ ಓಮ್ ಅಳೆಯಬಹುದು, ತಿರುಗುವಾಗ ಎಸಿ ವೋಲ್ಟ್ ನೋಡಬಹುದು. ಮೂರು ತಂತಿಯ ಹಾಲ್ (ಕಾಂತಕ್ಷೇತ್ರವನ್ನು ಗ್ರಹಿಸುವ ಎಲೆಕ್ಟ್ರಾನಿಕ್) ಬಗೆಯದಕ್ಕೆ ಓಮ್ ಅಳತೆ ಹಾಕಬೇಡಿ, ಅದರಿಂದ ಏನೂ ತಿಳಿಯುವುದಿಲ್ಲ. ಬಿಚ್ಚಿದಾಗ ತುದಿಗೆ ಕಬ್ಬಿಣದ ಚೂರು ಅಂಟಿದ್ದರೆ ಒರೆಸಿ ಹಾಕಿ ನೋಡಿ; ಆದರೆ ಆ ಚೂರು ಎಲ್ಲಿಂದ ಬಂತು ಎಂಬ ಪ್ರಶ್ನೆ ಸೆನ್ಸರಿಗಿಂತ ದೊಡ್ಡದು.

ಸಂವಹನ ತಂತಿಗಳು

ಎಫ್‌ಎಂಐ 9 ಅಥವಾ 19 ಹಲವು ಕಡೆ ಕಂಡರೆ, ಅಥವಾ ಸ್ಕ್ಯಾನರ್ ಇಸಿಎಂ ಜೊತೆ ಮಾತನಾಡದಿದ್ದರೆ ಕ್ಯಾನ್ ಜೋಡಿ ತಂತಿಯನ್ನು (ಇಸಿಎಂ ಮತ್ತು ಇತರ ಘಟಕಗಳು ಪರಸ್ಪರ ಮಾತನಾಡುವ ಎರಡು ತಂತಿಗಳು) ಪರೀಕ್ಷಿಸಿ. ಎರಡು ತುದಿಗಳಲ್ಲಿ ತಲಾ 120 ಓಮ್ ರೆಸಿಸ್ಟರ್ ಇರುವುದರಿಂದ, ಬ್ಯಾಟರಿ ಐಸೊಲೇಟರ್ ಆಫ್ ಇರುವಾಗ ಎರಡು ತಂತಿಗಳ ನಡುವೆ 60 ಓಮ್ ಬರಬೇಕು. ಒಂಬತ್ತು ಪಿನ್ನಿನ ಗುಂಡು ಕನೆಕ್ಟರಿನಲ್ಲಿ ಇವು ಸಿ ಮತ್ತು ಡಿ ಪಿನ್‌ಗಳು. 120 ಬಂದರೆ ಒಂದು ರೆಸಿಸ್ಟರ್ ಇಲ್ಲ ಅಥವಾ ತಂತಿ ಕಡಿದಿದೆ, ಸೊನ್ನೆಗೆ ಸಮೀಪ ಬಂದರೆ ಎರಡೂ ತಂತಿ ತಾಗಿವೆ. ಹೊಗೆಯಲ್ಲಿನ ನೈಟ್ರೋಜನ್ ಆಕ್ಸೈಡ್ ಅಳೆಯುವ ನಾಕ್ಸ್ ಸೆನ್ಸರುಗಳು ತಮ್ಮ ಅಳತೆಯನ್ನು ಈ ತಂತಿಗಳ ಮೂಲಕವೇ ಕಳಿಸುವುದರಿಂದ ಅವುಗಳಲ್ಲಿ ಸಿಗ್ನಲ್ ವೋಲ್ಟ್ ಹುಡುಕಲು ಹೋಗಬೇಡಿ.

ರಿಪೇರಿ ಮತ್ತು ಮರುಪರೀಕ್ಷೆ

ಕಡಿದ ತಂತಿಯನ್ನು ಹೊಸೆದು ಟೇಪ್ ಸುತ್ತುವುದು ರಿಪೇರಿಯಲ್ಲ. ಅದೇ ದಪ್ಪದ ತಂತಿ, ಸರಿಯಾದ ಅಳತೆಯ ಕ್ರಿಂಪ್ ಮತ್ತು ಒಳಗೆ ಅಂಟು ಇರುವ ಹೀಟ್ ಶ್ರಿಂಕ್ ಕೊಳವೆ ಬಳಸಿ, ಜೋಡಣೆಗಳನ್ನು ಒಂದರ ಪಕ್ಕ ಒಂದು ಬಾರದಂತೆ ಹಿಂದೆಮುಂದೆ ಮಾಡಿ, ಮುರಿದ ಕ್ಲಿಪ್ಪನ್ನು ಕಡ್ಡಾಯವಾಗಿ ಬದಲಿಸಿ. ಕನೆಕ್ಟರಿನೊಳಗೆ ಗ್ರೀಸ್ ತುಂಬುವ ಪದ್ಧತಿಯನ್ನು ಬಿಟ್ಟು ಸೀಲ್ ಸರಿಯಾಗಿ ಕುಳಿತಿದೆಯೇ ನೋಡಿ.

ಕೋಡ್ ಅಳಿಸಿ, ಎಂಜಿನ್ ಬಿಸಿಯಾಗುವ ತನಕ ಓಡಿಸಿ, ಹಿಂದೆ ಕೋಡ್ ಬಂದ ಸನ್ನಿವೇಶವನ್ನೇ ಬೇಕೆಂದು ಸೃಷ್ಟಿಸಿ. ಸಂಡೂರಿನ ಯಂತ್ರವನ್ನು ತುಂಬಿದ ಬಕೆಟಿನೊಂದಿಗೆ ಮೂವತ್ತು ಬಾರಿ ಎಡಕ್ಕೆ ತಿರುಗಿಸಿ ಗಕ್ಕನೆ ನಿಲ್ಲಿಸಿದೆವು, ಸಪ್ಲೈ 5.02ರಿಂದ ಕದಲಲಿಲ್ಲ. ನಂತರ ಲಾಗ್ ಪುಸ್ತಕದಲ್ಲಿ ಗಂಟೆ, ಕೋಡ್, ದೋಷ ಸಿಕ್ಕ ಜಾಗ ಮತ್ತು ಅಳತೆಗಳನ್ನು ಬರೆದು, ಸುಮ್ಮನೆ ಬದಲಾಗಿದ್ದ ಆ ಎರಡು ಹಳೆಯ ಸೆನ್ಸರುಗಳನ್ನು ಒರೆಸಿ, ಚೀಟಿಯ ಮೇಲೆ "ಚೆನ್ನಾಗಿದೆ" ಎಂದು ಬರೆದು ಅಂಟಿಸಿ ಸ್ಟೋರಿನ ಡಬ್ಬಿಯಲ್ಲಿ ಇಡಿಸಿದೆ.